‘ಯಾವ ಎಣ್ಣಿ?’ ಎಂದು ಕೇಳಿದವನ ಕಾರು

ಎರಡು ವರ್ಷದ ಹಿಂದಿನ ಮಾತು. ಎಳ್ಳಮವಾಸ್ಯೆ ಕಳೆದು ಎಂಟು ದಿನ ಆಗಿತ್ತು. ನನಗೆ ಅರವತ್ತಾರು ನಡೆಯುತ್ತಿತ್ತು. ಅಕ್ಕಿಆಲೂರಿನಲ್ಲಿ ಹಾನಗಲ್ಲ ರಸ್ತೆಗೆ ಮುಖ ಮಾಡಿರುವ ನಮ್ಮ ರಿಪೇರಿ ಶೆಡ್ಡಿಗೆ ಆಗಲೂ ಈಗಲೂ ದೊಡ್ಡ ಮೇಸ್ತ್ರಿ ನಾನೇ. ಬೋರ್ಡಿನ ಮೇಲೆ ಮಾತ್ರ ಗಂಡನ ಹೆಸರಿದೆ. ಬದಲಿಸಿಲ್ಲ, ಬಣ್ಣ ಇನ್ನೂ ಗಟ್ಟಿ ಇದೆ.

ಗಂಡ ಮೊದಲು ಅಕ್ಕಿ ಗಿರಣಿಯಲ್ಲಿ ಇಂಜಿನ್ ಫಿಟ್ಟರ್ ಆಗಿದ್ದ. ಆಮೇಲೆ ಸ್ವಂತ ಶೆಡ್ ಹಾಕಿದ. ನಾನು ಪಾನಾ, ಅಂದರೆ ಸ್ಪ್ಯಾನರ್, ಎತ್ತಿ ಕೊಡುವವಳಾಗಿ ಒಳಗೆ ಹೋದೆ. ಅವನ ಬೆನ್ನು ಹಿಡಿದುಕೊಂಡ ಮೇಲೆ ಗಾಡಿಯ ಕೆಳಗೆ ನಾನು ಮಲಗಿದೆ, ಅವನು ಮೇಲೆ ಕುಳಿತು ಬೈದ. ಹಾಗೆ ಕಲಿತದ್ದು. ಅವನು ಹೋದ ಮೇಲೆ ಬೈಯುವವರು ಇಲ್ಲದಾದರು, ಕೆಲಸ ಉಳಿಯಿತು. ನನ್ನ ಶಾಲೆ ಮೂರನೇ ಇಯತ್ತೆಗೆ ಮುಗಿದಿದೆ. ಕನ್ನಡವನ್ನು ಕೂಡಿಸಿಕೊಂಡು ಓದುತ್ತೇನೆ. ಇಂಗ್ಲಿಷಿನಲ್ಲಿ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಪಾನಾದ ಮೇಲೆ ಬರೀ ಅಂಕಿ ಇರುತ್ತದೆ, ಹಾಗಾಗಿ ಅಕ್ಷರದ ಕೊರತೆ ಎಂದೂ ಕಂಡಿರಲಿಲ್ಲ. ಕಂಡದ್ದು ಈ ಒಂದು ಕಾರಿನಲ್ಲಿ.

ಕಾರು ಆಡೂರಿನ ಬಸಣ್ಣೆಪ್ಪನದು. ಬೆಳ್ಳಿ ಬಣ್ಣ, ಹದಿನೆಂಟು ವರ್ಷದ ಹಳೆಯದು, ಇಬ್ಬರ ಕೈ ದಾಟಿ ಅವನ ಕೈಗೆ ಬಂದದ್ದು. ಬಸಣ್ಣೆಪ್ಪನಿಗೆ ಊರಲ್ಲಿ ಎಣ್ಣೆ ಗಿರಣಿ ಇದೆ. ಅಪ್ಪನ ಕಾಲದಲ್ಲಿ ಎತ್ತು ಕಟ್ಟಿದ ಗಾಣ ಇತ್ತು, ಇವನ ಕಾಲಕ್ಕೆ ಮೋಟರ್ ಬಂತು. ಶೇಂಗಾ, ಕುಸುಬಿ, ಎಳ್ಳು, ಏನು ಒಯ್ದರೂ ಹಿಂಡಿ ಕೊಡುತ್ತಾನೆ. ಅವನ ಹೆಂಡತಿ ನೀಲವ್ವನಿಗೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಸೋಮವಾರ ಒಮ್ಮೆ, ಗುರುವಾರ ಒಮ್ಮೆ ಹಾವೇರಿಗೆ ಹೋಗಿ ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಂಡು ಬರಬೇಕು. ಡಯಾಲಿಸಿಸ್ ಎನ್ನುತ್ತಾರಲ್ಲ, ಅದು. ಹೋಗುವಾಗ ಬಸ್ಸಿನಲ್ಲಿ ಹೋಗಬಹುದು. ಬರುವಾಗ ತಲೆ ತಿರುಗುತ್ತದೆ, ಕಾಲಲ್ಲಿ ಬಲ ಇರುವುದಿಲ್ಲ, ಬಸ್ಸಿನಲ್ಲಿ ಜಾಗವೂ ಸಿಗುವುದಿಲ್ಲ. ಅದಕ್ಕಾಗಿಯೇ ಈ ಕಾರು ಕೊಂಡದ್ದು. ಬಸಣ್ಣೆಪ್ಪ ಅರವತ್ತರ ಮೇಲೆ ಡ್ರೈವಿಂಗ್ ಕಲಿತ. ಚೆನ್ನಾಗಿ ಕಲಿಯಲಿಲ್ಲ, ಆದರೂ ಕಲಿತ.

ಒಂದು ಶನಿವಾರ ಮಧ್ಯಾಹ್ನ ಅವನ ಫೋನ್ ಬಂತು. ಶೆಡ್ಡಿನ ಮುಂದೆ ಚಹಾ ಕುಡಿಯುತ್ತ ಮೂವರು ಲಾರಿ ಡ್ರೈವರುಗಳು ಕುಳಿತಿದ್ದರು. ನನ್ನ ಕೈಗೆ ಗ್ರೀಸ್ ಹತ್ತಿತ್ತು, ಸೊಸೆ ರೇಣುಕಾ ಫೋನ್ ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದಳು.

“ಗಂಗಕ್ಕ, ಕ್ಲಚ್ ತುಳದ್ರ ತಳಕ್ಕ ಹೋಗಾಕತ್ತೈತಿ. ಗೇರ್ ಬೀಳವಲ್ದು. ಕರ್ ಕರ್ ಅಂತೈತಿ.”

“ಬಾನೆಟ್ ತಗಿ. ಗಾಜಿನ ಬುಡಕ ಒಂದು ಬಿಳೀ ಡಬ್ಬಿ ಐತಿ ನೋಡು. ಅದರಾಗ ಎಣ್ಣಿ ಎಲ್ಲಿಮಟಾ ಐತಿ?”

“ಕೆಳಗಿನ ಗೆರಿಗಿಂತ ಕೆಳಗೈತಿ.”

“ಮತ್ತ ಎಣ್ಣಿ ಹಾಕು. ಹಾಕಿ ಹತ್ತಿಪ್ಪತ್ತು ಸಲ ಪೆಡಲ್ ತುಳಿ. ಬರ್ತೈತಿ.”

“ಯಾವ ಎಣ್ಣಿ, ಅಕ್ಕ?”

ನಾನು ನಕ್ಕುಬಿಟ್ಟೆ. “ಎಣ್ಣಿ ಗಿರಣಿ ಮಾಲಕ ಎಣ್ಣಿ ಯಾವ್ದು ಅಂತ ನನಗ ಕೇಳ್ತಾನ ನೋಡ್ರಪಾ! ಕುಸುಬಿ ಎಣ್ಣಿ ಹಾಕಿ ವಗ್ಗರಣಿ ಕೊಡಬ್ಯಾಡ ಮತ್ತ. ಗಾಡಿ ಎಣ್ಣಿ ಹಾಕೋ ಮಾರಾಯ.”

ಆ ಮೂವರೂ ಬಿದ್ದು ಬಿದ್ದು ನಕ್ಕರು. ಅವರ ನಗೆ ಅವನ ಕಿವಿಗೂ ಬಿದ್ದಿರಬೇಕು. “ಆತು ಬಿಡು” ಎಂದು ಫೋನ್ ಇಟ್ಟ. ಸಂಜೆಗೆ ಮತ್ತೆ ಫೋನ್ ಮಾಡಿ ಕ್ಲಚ್ ಬಂತು ಎಂದ. ಸೋಮವಾರ ನೀಲವ್ವನನ್ನು ಹಾವೇರಿಗೆ ಕರೆದೊಯ್ದು ಬಂದ. ನಾನು ಮರೆತೆ.

ಮಂಗಳವಾರ ಬೆಳಗ್ಗೆ ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ನನ್ನ ಶೆಡ್ಡಿಗೆ ಬಂತು. ಕ್ಲಚ್ ಪೆಡಲ್ ಒಳಗೆ ಹೋದದ್ದು ಮೇಲೆ ಬಂದಿರಲಿಲ್ಲ. ಬಸಣ್ಣೆಪ್ಪ ಪಾದದ ಬೆರಳು ಕೊಟ್ಟು ಎತ್ತಿದರೆ ಬರುತ್ತಿತ್ತು, ಬಿಟ್ಟರೆ ಸತ್ತ ಹಲ್ಲಿಯಂತೆ ಬೀಳುತ್ತಿತ್ತು. ಅವನು ಹೇಳಿದ್ದು ಒಂದೇ ಮಾತು: “ಗುರುವಾರ ಮುಂಜಾನೆ ಆರಕ್ಕ ಹೊಂಡಬೇಕು, ಗಂಗಕ್ಕ.” ನಾನು ಹೇಳಿದ್ದೂ ಒಂದೇ: “ಬುಧವಾರ ಸಂಜೀಕ ಬಾ.”

ಓದುವವರಿಗೆ ಈ ಕ್ಲಚ್ ಕೆಲಸ ಮಾಡುವ ಬಗೆ ಹೇಳಿಬಿಡುತ್ತೇನೆ. ಹಿಂದಿನ ಬಹಳಷ್ಟು ಗಾಡಿಗಳಲ್ಲಿ ಪೆಡಲಿನಿಂದ ಕ್ಲಚ್ಚಿನವರೆಗೆ ಕೇಬಲ್, ಅಂದರೆ ಉಕ್ಕಿನ ತಂತಿ ಇರುತ್ತಿತ್ತು. ತುಳಿದರೆ ತಂತಿ ಎಳೆಯುತ್ತದೆ, ಅಷ್ಟೇ. ಬಸಣ್ಣೆಪ್ಪನ ಕಾರಿನದು ಹೈಡ್ರಾಲಿಕ್, ಎಂದರೆ ತಂತಿಯ ಬದಲಿಗೆ ದ್ರವ. ದವಾಖಾನೆಯ ಎರಡು ಸಿರಿಂಜಿನ ಬಾಯಿಗೆ ಒಂದೇ ನಳಿಗೆ ಕಟ್ಟಿ ನೀರು ತುಂಬಿರಿ. ಒಂದನ್ನು ಒತ್ತಿದರೆ ಇನ್ನೊಂದು ಹೊರಗೆ ಬರುತ್ತದೆ. ಪೆಡಲಿನ ಹತ್ತಿರ ಇರುವುದು ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸಿನ ಹತ್ತಿರ ಇರುವುದು ಸ್ಲೇವ್ ಸಿಲಿಂಡರ್. ಒಳಗೆ ಬಟ್ಟಲಿನ ಆಕಾರದ ರಬ್ಬರ್ ಇರುತ್ತದೆ, ದ್ರವ ಸೋರದಂತೆ ತಡೆಯುವುದು ಅದೇ. ಸೋರಿದರೆ ಗಾಳಿ ಒಳಗೆ ಬರುತ್ತದೆ. ಗಾಳಿ ಒತ್ತಿದರೆ ಒತ್ತಿಸಿಕೊಳ್ಳುತ್ತದೆ, ಕೆಲಸ ಮಾಡುವುದಿಲ್ಲ.

ಇನ್ನೊಂದು ಮಾತು. ಬಸಣ್ಣೆಪ್ಪನ ಕಾರಿನಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಬೇರೆ ಬೇರೆ ಡಬ್ಬಿ ಇಲ್ಲ. ಒಂದೇ ಡಬ್ಬಿ. ಕ್ಲಚ್ಚಿಗೆ ಹೋಗುವ ತೂತು ಮೇಲೆ, ಬ್ರೇಕಿಗೆ ಹೋಗುವುದು ಕೆಳಗೆ. ಸೋರಿ ಕಡಿಮೆಯಾದರೆ ಮೊದಲು ಕ್ಲಚ್ ಹೋಗಲಿ, ಬ್ರೇಕ್ ಉಳಿಯಲಿ ಎಂದು ಹಾಗೆ ಮಾಡಿದ್ದಾರೆ. ಮಾಡಿದವನು ಜಾಣ.

ಮಂಗಳವಾರ ಗಾಡಿಯ ಕೆಳಗೆ ಮಲಗಿ ನೋಡಿದೆ. ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆ ಒದ್ದೆಯಾಗಿತ್ತು. ಸೋರುತ್ತಿದ್ದದ್ದು ಅಲ್ಲಿಂದಲೇ. ರೋಗ ಸಿಕ್ಕಿತು ಎಂದುಕೊಂಡೆ. ಹುಬ್ಬಳ್ಳಿಯಿಂದ ಹೊಸ ಸ್ಲೇವ್ ತರಿಸಿದೆ, ಬುಧವಾರ ಮಧ್ಯಾಹ್ನದ ಬಸ್ಸಿಗೆ ಬಂತು. ಎರಡು ಬೋಲ್ಟ್, ಒಂದು ಪೈಪ್. ಕೂರಿಸಲು ಅರ್ಧ ತಾಸೂ ಬೇಕಾಗಲಿಲ್ಲ.

ಆಮೇಲೆ ಗಾಳಿ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಕೆಳಗೆ ಸ್ಲೇವಿನ ಮೇಲಿನ ಸಣ್ಣ ತಿರುಪು, ಅಂದರೆ ನಿಪ್ಪಲ್, ಸಡಿಲಿಸಿ ಗಾಳಿ ಬಿಡಬೇಕು. ರೇಣುಕಾ ಮೇಲೆ ಕುಳಿತಳು. ಅವಳು ನನ್ನ ಸೊಸೆ, ಹತ್ತನೆಯ ಇಯತ್ತೆ ಪಾಸು. ಮಗ ಭತ್ತ ಕೊಯ್ಯುವ ಯಂತ್ರದ ಜೊತೆ ಊರೂರು ತಿರುಗುವವನು, ಅವನಿಗಿಂತ ಶೆಡ್ಡಿಗೆ ಇವಳೇ ಹೆಚ್ಚು ಉಪಯೋಗ.

“ತುಳಿ.”

“ತುಳದೇನ್ರಿ.”

“ಹಿಡಿ… ಬಿಡು. ತುಳಿ.”

“ಅತ್ತೀ, ಮನ್ಯಾಗೂ ಹಿಂಗ ಹೇಳ್ತೀರಿ, ಇಲ್ಲೂ ಹಿಂಗ ಹೇಳ್ತೀರಿ.”

“ಮನ್ಯಾಗ ಕೇಳಂಗಿಲ್ಲ, ಇಲ್ಲ್ಯಾದ್ರೂ ಕೇಳು. ತುಳಿ.”

ನಿಪ್ಪಲಿಗೆ ಪಾರದರ್ಶಕ ನಳಿಗೆ ಹಾಕಿ ಅದರ ತುದಿಯನ್ನು ಒಂದು ಗಾಜಿನ ಸೀಸೆಯಲ್ಲಿ ಬಿಟ್ಟಿದ್ದೆ. ಗುಳ್ಳೆ ಬರುವುದು ನಿಂತಿತು. ಪೆಡಲ್ ಗಟ್ಟಿಯಾಯಿತು. ಸ್ಟಾರ್ಟ್ ಮಾಡಿದೆವು, ಗೇರ್ ಬೆಣ್ಣೆಯಲ್ಲಿ ಚಮಚ ಇಳಿದಂತೆ ಬಿತ್ತು. ಸೀಸೆಯನ್ನು ಕಟ್ಟೆಯ ಮೇಲಿಟ್ಟು ಕೈ ತೊಳೆದು ಚಹಾ ಕುಡಿದೆ. ಬಸಣ್ಣೆಪ್ಪ ಅಷ್ಟರಲ್ಲಿ ಬಂದ. ಪೆಡಲ್ ತುಳಿದು ನೋಡಿ ಹಲ್ಲು ಬಿಟ್ಟ. ಕೀಲಿ ಗಾಡಿಯಲ್ಲೇ ಇತ್ತು. ಉಳಿದದ್ದು ಡಬ್ಬಿಯ ಮುಚ್ಚಳ ಹಾಕುವುದಷ್ಟೇ.

ಮುಚ್ಚಳ ಕೂರಲಿಲ್ಲ.

ಆ ಮುಚ್ಚಳದ ಒಳಗೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಇರುತ್ತದೆ. ಅದು ರಾತ್ರಿ ನೆನೆಸಿದ ಕಡಲೆಯಂತೆ ಉಬ್ಬಿತ್ತು. ಒತ್ತಿದರೂ ಡಬ್ಬಿಯ ಬಾಯಲ್ಲಿ ಇಳಿಯಲೊಲ್ಲದು. ತೆಗೆಯುವಾಗ ಹೇಗೆ ಬಂತೋ, ನಾನು ಗಮನಿಸಿರಲಿಲ್ಲ. ತಿರುಗಿ ಕಟ್ಟೆಯ ಮೇಲಿನ ಸೀಸೆ ನೋಡಿದೆ. ಕಲಕಿದ್ದಾಗ ಒಂದೇ ಬಣ್ಣ ಕಂಡಿತ್ತು. ಈಗ ನಿಂತು ಎರಡಾಗಿತ್ತು. ಕೆಳಗೆ ಒಂದು ಪದರ, ಅದರ ಮೇಲೆ ಜೇನಿನ ಬಣ್ಣದ ಇನ್ನೊಂದು. ನಡುವೆ ದಾರ ಎಳೆದಂತೆ ಗೆರೆ.

“ಬಸಣ್ಣೆಪ್ಪ, ಅವತ್ತು ಇದಕ್ಕ ಏನ್ ಹಾಕಿದಿ?”

“ನೀ ಹೇಳಿದ್ದನ್ನ. ಗಾಡಿ ಎಣ್ಣಿ.”

“ಯಾವ ಗಾಡಿ ಎಣ್ಣಿ?”

“ಇಂಜಿನ್ನಿಗೆ ಹಾಕೂದು. ಮನ್ಯಾಗ ಕ್ಯಾನ್ ಇತ್ತು. ಗಾಡಿ ಎಣ್ಣಿ ಅಂದ್ರ ಮತ್ತ್ಯಾವ್ದು?”

ಅವನ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಕಡೆ ಎಲ್ಲರೂ ಡಬ್ಬಿಯಲ್ಲಿ ಹಾಕುವುದನ್ನು ಬ್ರೇಕ್ ಆಯಿಲ್ ಎನ್ನುತ್ತಾರೆ. ಅವಸರದಲ್ಲಿ ಬ್ರೇಕ್ ಹೋಗಿ ಬರೀ ಎಣ್ಣಿ ಉಳಿಯುತ್ತದೆ. ಮೇಸ್ತ್ರಿಗೆ ಮೇಸ್ತ್ರಿ ಹೇಳಿದರೆ ತಿಳಿಯುತ್ತದೆ. ಆದರೆ ಅದು ಎಣ್ಣೆಯೇ ಅಲ್ಲ. ಎಣ್ಣೆ ತಗುಲಿದರೆ ಆ ಬಟ್ಟಲು ರಬ್ಬರುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಲವತ್ತು ವರ್ಷ ಎಣ್ಣಿ ಎಂದೇ ಕರೆದಿದ್ದೆ.

ರೇಣುಕಾ ಮುಚ್ಚಳ ಕೈಗೆ ತೆಗೆದುಕೊಂಡು ತಿರುಗಿಸಿದಳು. “ಅತ್ತೀ, ಇದರ ಮ್ಯಾಲ ಬರದೈತ್ರಿ. ಬ್ರೇಕ್ ಫ್ಲೂಯಿಡ್, ಡಾಟ್ ಮೂರು. ಅದನ್ನ ಬಿಟ್ಟು ಬ್ಯಾರೇದು ಹಾಕಬಾರ್ದು ಅಂತ.”

“ಎಲ್ಲಿ ಬರದೈತಿ?”

“ಇದಾ ನೋಡ್ರಿ, ಸುತ್ತೂ ಕಡೆ.”

ಆ ಮುಚ್ಚಳಗಳನ್ನು ಸಾವಿರ ಸಲ ತೆಗೆದು ಹಾಕಿದ್ದೇನೆ. ಸುತ್ತಲಿನ ಆ ಇಂಗ್ಲಿಷ್ ಅಕ್ಷರದ ಉಬ್ಬುಗಳನ್ನು ಕೈ ಜಾರದಿರಲಿ ಎಂದು ಮಾಡಿದ್ದು ಎಂದೇ ತಿಳಿದಿದ್ದೆ.

ಒಳ್ಳೆಯ ಬ್ರೇಕ್ ಫ್ಲೂಯಿಡ್ಡಿನ ಹೊಸ ಸೀಸೆಯ ಮುಚ್ಚಳ ಬಿಚ್ಚಿ ಎರಡು ಹನಿಯನ್ನು ಬಸಣ್ಣೆಪ್ಪನ ಅಂಗೈಗೆ ಹಾಕಿದೆ. ಅವನು ಹೆಬ್ಬೆರಳು ಕೊಟ್ಟು ಉಜ್ಜಿ ನೋಡಿದ. ಐವತ್ತು ವರ್ಷ ಎಣ್ಣೆಯಲ್ಲಿ ಆಡಿದ ಬೆರಳು. ಹೊರಗಿನ ನಳಕ್ಕೆ ಕೈ ಹಿಡಿದ, ನೀರು ಬಿದ್ದದ್ದೇ ತಡ ಎಲ್ಲ ತೊಳೆದುಹೋಯಿತು.

“ಇದು ಎಣ್ಣಿ ಅಲ್ಲ. ಎಣ್ಣಿ ನೀರಿಗೆ ಹಿಂಗ ಹೊಕ್ಕೈತೇನ? ಯಾವ ಶಾಣ್ಯಾ ಅಂದಾನ ಇದಕ್ಕ ಎಣ್ಣಿ ಅಂತ?”

“ನಾನ ಅಂದೇನಿ.”

ನನ್ನ ಎದೆಯಲ್ಲಿ ಆಗ ಎದ್ದದ್ದು ಅವಮಾನವಲ್ಲ, ಬ್ರೇಕಿನ ವಿಚಾರ. ಡಬ್ಬಿ ಒಂದೇ. ಮುಚ್ಚಳದ ರಬ್ಬರ್ ಹೀಗಾದರೆ ಬ್ರೇಕಿನ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೇಗಿರಬೇಡ? ಮುಂದಿನ ಎಡಗಾಲಿಯ ಕೆಳಗೆ ಜಾಕ್ ಕೊಟ್ಟು ಎತ್ತಿದೆ. ಕೈಯಿಂದ ತಿರುವಿದೆ, ಚೆನ್ನಾಗಿಯೇ ತಿರುಗಿತು. ರೇಣುಕಾಗೆ ಬ್ರೇಕ್ ತುಳಿದು ಬಿಡಲು ಹೇಳಿದೆ. ಬಿಟ್ಟಳು. ಗಾಲಿ ಬಿಡಲಿಲ್ಲ. ಮನಸ್ಸಿನಲ್ಲೇ ಎಣಿಸಿದೆ, ಇಪ್ಪತ್ತು ದಾಟಿದ ಮೇಲೆ ನಿಧಾನಕ್ಕೆ ಸಡಿಲಾಯಿತು. ರಬ್ಬರ್ ಉಬ್ಬಿ ದ್ರವ ತಿರುಗಿ ಬರುವ ತೂತನ್ನು ಮುಚ್ಚುತ್ತಿತ್ತು. ಇವತ್ತು ಹೀಗೆ. ನಾಳೆ ಮೂವತ್ತು ಕಿಲೋಮೀಟರ್ ಓಡಿ ಗಾಲಿ ಕಾದರೆ ಬ್ರೇಕ್ ಹಿಡಿದುಕೊಂಡೇ ಬಿಡಬಹುದು, ಇಲ್ಲವೇ ತುಳಿದಾಗ ಹಿಡಿಯದೆ ಹೋಗಬಹುದು. ಯಾವುದು ಎಂದು ಹೇಳುವವರು ಯಾರೂ ಇಲ್ಲ.

ಗಾಡಿಯಿಂದ ಕೀಲಿ ತೆಗೆದು ನಡುವಿಗೆ ಸಿಕ್ಕಿಸಿಕೊಂಡೆ.

“ಬಸಣ್ಣೆಪ್ಪ, ಗಾಡಿ ಕೊಡಂಗಿಲ್ಲ.”

“ಕ್ಲಚ್ ಛಲೋ ಆಗೇತಲ್ಲ?”

“ಕ್ಲಚ್ ಆಗೇತಿ. ಬ್ರೇಕ್ ಕೆಟ್ಟೈತಿ.”

“ಮೊನ್ನಿ ಅದ ಬ್ರೇಕಿನ್ಯಾಗ ಓಡಿಸೇನಿ. ಸಾವಕಾಶ ಹೊಕ್ಕೇನಿ, ಎರಡನೇ ಗೇರಿನ್ಯಾಗ ಹೊಕ್ಕೇನಿ. ನಾಳಿ ಆಕಿ ಪಾಳಿ ಐತಿ, ಗಂಗಕ್ಕ. ಒಂದು ಪಾಳಿ ತಪ್ಪಿದ್ರ ಆಕಿ ಮಾರಿಗೆ ಹ್ಯಾಂಗ ಬಾವು ಬರ್ತೈತಿ ನೀ ನೋಡಿಲ್ಲ. ಉಸರಾಡಾಕ ಬರಂಗಿಲ್ಲ ಆಕಿಗೆ.”

“ಅದಕ್ಕ ಕೊಡಂಗಿಲ್ಲ.”

“ನೀನ ಹಾಕು ಅಂದಿ. ನೀನ ನಕ್ಕಿ. ಈಗ ನೀನ ಕೀಲಿ ಕಸಗೊಂಡಿ. ನನ್ನ ಹೇಣ್ತಿ ಏನ್ ಮಾಡಬೇಕು?”

ಇಲ್ಲಿ ಒಂದು ಮಾತು ನಿಜ ಹೇಳಬೇಕು. ಕೀಲಿ ಕೊಟ್ಟುಬಿಡಬಹುದಿತ್ತು. ಕ್ಲಚ್ ಎಂದು ಬಂದ ಗಾಡಿ, ಕ್ಲಚ್ ಆಗಿದೆ. ಏನಾದರೂ ಆದರೆ ಹಳೆಯ ಗಾಡಿ, ಹೊಸ ಡ್ರೈವರ್ ಎನ್ನುತ್ತಿದ್ದರು. ಫೋನಿನಲ್ಲಿ ಆಡಿದ ಮಾತಿಗೆ ಗುರುತು ಇರುವುದಿಲ್ಲ. ಆ ವಿಚಾರ ಬಂದು ಹೋಯಿತು. ಬಹಳ ಹೊತ್ತು ನಿಲ್ಲಲಿಲ್ಲ, ಆದರೆ ಬಂತು.

“ತಪ್ಪು ನಂದು,” ಎಂದೆ. “ನಾಳಿ ಆರಕ್ಕ ನಿಮ್ಮ ಬಾಗಲಿಗೆ ಗಾಡಿ ಬರ್ತೈತಿ.”

ಶೆಡ್ಡಿನಲ್ಲಿ ಸಾಮಾನು ತರುವ ಒಂದು ಹಳೆಯ ಪಿಕಪ್ ಇದೆ. ಮುಂದೆ ಮೂವರು ಒತ್ತಿ ಕೂರಬಹುದು, ಹಿಂದೆ ಬಯಲು. ಗುರುವಾರ ಬೆಳಗ್ಗೆ ರೇಣುಕಾ ಓಡಿಸಿದಳು, ನಾನೂ ಹೋದೆ. ನೀಲವ್ವನನ್ನು ಕಿಟಕಿಯ ಹತ್ತಿರ ಕೂರಿಸಿದೆವು. ಬಸಣ್ಣೆಪ್ಪ ಕಂಬಳಿ ಹೊದ್ದು ಹಿಂದೆ ಹತ್ತಿದ. ನೀಲವ್ವನಿಗೆ ಗಂಡ ಎಲ್ಲ ಹೇಳಿದ್ದ.

ಸ್ವಲ್ಪ ದೂರ ಹೋದ ಮೇಲೆ ಅಂದಳು: “ನನ್ನ ರಕ್ತ ತೊಳ್ಯಾಕ ಒಂದು ಮಶೀನ್ ಐತಿ, ಗಂಗಕ್ಕ. ನಿನ್ನ ನಾಲಿಗಿ ತೊಳ್ಯಾಕೂ ಒಂದು ಬಂದ್ರ ಛಲೋ ಆಕ್ಕಿತ್ತು.”

ರೇಣುಕಾ ಸ್ಟೀರಿಂಗ್ ಹಿಡಿದು ಮುಂದೆ ನೋಡಿದಳು. ನಗು ತಡೆದುಕೊಂಡದ್ದು ನನಗೆ ಕಂಡಿತು.

“ಬಂದ್ರ ಹೇಳು, ಪಾಳಿ ಹಚ್ತೇನಿ,” ಎಂದೆ.

“ಅವರಿಗೆ ಮಂದ್ಯಾಗ ನಕ್ಕಿ ನೋಡು, ಅದು ಅವರ ಮನಸಿಗೆ ಹತ್ತೈತಿ. ಎಣ್ಣಿ ಹಾಕಿದ್ದು ಅಲ್ಲ. ಮತ್ತೊಮ್ಮೆ ಫೋನ್ ಹಚ್ಚಿ ಕೇಳ್ರಿ ಅಂದ್ನಿ. ಮತ್ತ ನಗ್ತಾಳ, ಬ್ಯಾಡ ಅಂದ್ರು.”

ಹೆದ್ದಾರಿ ದಾಟುವ ಜಾಗದಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತು. ರೇಣುಕಾ ಬ್ರೇಕ್ ಒತ್ತಿದಳು, ಪಿಕಪ್ ನಿಂತಿತು. ಹಿಂದಿನಿಂದ ಬಸಣ್ಣೆಪ್ಪ ಕ್ಯಾಬಿನ್ನಿಗೆ ಧಡ್ ಎಂದು ಬಡಿದುಕೊಂಡು ಬೈದ. ಮುಂದೆ ಕುಳಿತ ನಾವು ಮೂವರೂ ಆ ನಿಂತ ಗಾಲಿಗಳ ಬಗ್ಗೆಯೇ ಯೋಚಿಸಿದೆವು ಎಂದು ಕಾಣುತ್ತದೆ.

ನೀಲವ್ವ ಯಂತ್ರದ ಹತ್ತಿರ ಮಲಗಿದ್ದ ನಾಲ್ಕು ತಾಸಿನಲ್ಲಿ ನಾನೂ ರೇಣುಕಾನೂ ಹಾವೇರಿಯ ಅಂಗಡಿಗಳಲ್ಲಿ ತಿರುಗಿದೆವು. ಬ್ರೇಕಿನ ಮಾಸ್ಟರ್, ಕ್ಲಚ್ಚಿನ ಮಾಸ್ಟರ್, ನಾಲ್ಕೂ ಗಾಲಿಯ ರಬ್ಬರ್ ಕಿಟ್, ರಬ್ಬರ್ ಪೈಪುಗಳು, ಹೊಸ ಡಬ್ಬಿ. ಕೆಲವು ಅಲ್ಲೇ ಸಿಕ್ಕವು, ಕೆಲವನ್ನು ಹುಬ್ಬಳ್ಳಿಗೆ ಹೇಳಿದೆವು. ಬುಧವಾರ ಹಾಕಿದ ಹೊಸ ಸ್ಲೇವ್ ಕೂಡ ಆ ಕೆಟ್ಟ ದ್ರವ ಕುಡಿದಿತ್ತು, ಅದನ್ನೂ ಬದಲಿಸಬೇಕಾಯಿತು. ಬಸಣ್ಣೆಪ್ಪನಿಗೆ ಖರ್ಚು ಹಚ್ಚಲಿಲ್ಲ. ಹಚ್ಚುವ ಮಾತೇ ಇರಲಿಲ್ಲ.

ಶುಕ್ರವಾರ, ಶನಿವಾರ ಅದೇ ಕೆಲಸ. ಕಬ್ಬಿಣದ ಪೈಪುಗಳನ್ನೆಲ್ಲ ಬಿಚ್ಚಿ ಸ್ಪಿರಿಟ್ ಹಾಕಿ ತೊಳೆದು ಗಾಳಿ ಊದಿ ಒಣಗಿಸಿದೆವು. ರಬ್ಬರ್ ಎಂಬುದನ್ನು ಒಂದನ್ನೂ ಉಳಿಸಲಿಲ್ಲ. ಹಳೆಯ ಬ್ರೇಕ್ ಮಾಸ್ಟರ್ ಬಿಚ್ಚಿದಾಗ ಅದರ ಬಟ್ಟಲು ರಬ್ಬರ್ ಸ್ಕ್ರೂಡ್ರೈವರಿನಿಂದ ಎಬ್ಬಿದರೂ ಬರಲಿಲ್ಲ. ಬಂದಾಗ ಹಲ್ಲಿಲ್ಲದವರು ಅಗಿದ ಅಡಿಕೆಯಂತೆ ಇತ್ತು. ಅದನ್ನು ಬಸಣ್ಣೆಪ್ಪನಿಗೆ ತೋರಿಸಿದೆ. ಅವನು ನೋಡಿ, ತಿರುಗಿ ಕೊಟ್ಟು, “ಆಕಿಗೆ ತೋರಿಸಬ್ಯಾಡ” ಎಂದ.

ಭಾನುವಾರ ನಾನೇ ಓಡಿಸಿದೆ, ಬಸಣ್ಣೆಪ್ಪ ಪಕ್ಕಕ್ಕೆ ಕುಳಿತ. ಆಡೂರಿಗೆ ಹೋಗಿ ಬಂದೆವು. ಖಾಲಿ ಜಾಗ ನೋಡಿ ಜೋರಾಗಿ ಬ್ರೇಕ್ ಹಾಕಿದೆ, ಇಳಿಜಾರಿನಲ್ಲಿ ನಿಲ್ಲಿಸಿದೆ, ಇಳಿದು ನಾಲ್ಕೂ ಗಾಲಿಯನ್ನು ಅಂಗೈಯಿಂದ ಮುಟ್ಟಿ ನೋಡಿದೆ. ಯಾವುದೂ ಸುಡುತ್ತಿರಲಿಲ್ಲ. ಕೀಲಿ ಕೊಡುವ ಮೊದಲು ಬಾನೆಟ್ ತೆಗೆಸಿ ಹೊಸ ಡಬ್ಬಿ ತೋರಿಸಿದೆ. ಮುಚ್ಚಳದ ಪಕ್ಕಕ್ಕೆ ರೇಣುಕಾ ಕೆಂಪು ಬಣ್ಣದಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದಿದ್ದಳು: “ಇದು ಎಣ್ಣಿ ಅಲ್ಲ.” ನಾನೇ ಬರೆಯಿಸಿದ್ದು. ಅದನ್ನು ನಾನೂ ಓದಬಲ್ಲೆ.

ಸೋಮವಾರ ಅವರು ಹಾವೇರಿಗೆ ಹೋಗಿ ಬಂದರು. ಹೋದ ದೀಪಾವಳಿಯವರೆಗೂ ಅದೇ ಕಾರಿನಲ್ಲಿ ಹೋಗಿ ಬಂದರು. ಆಮೇಲೆ ನೀಲವ್ವ ತೀರಿಕೊಂಡಳು, ರೋಗದಿಂದ. ಗಾಡಿಯಿಂದಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಸೋರುವ ಸಿಲಿಂಡರನ್ನು ಹುಡುಕುವುದು ಕಷ್ಟವಲ್ಲ, ಒದ್ದೆಯಾದಲ್ಲಿ ಕೈ ಹಾಕಿದರೆ ಸಿಗುತ್ತದೆ. ತಿಳಿಯದವನು ಕೇಳಿದಾಗ ನಕ್ಕರೆ ಅವನು ಎರಡನೇ ಸಲ ಕೇಳುವುದಿಲ್ಲ, ತಾನೇ ಏನೋ ಒಂದು ಹಾಕಿಕೊಳ್ಳುತ್ತಾನೆ. ಆ ಸೋರಿಕೆ ಯಾವ ಗಾಡಿಯ ಕೆಳಗೆ ಮಲಗಿದರೂ ಕಾಣುವುದಿಲ್ಲ. ಅವತ್ತು ನಾವು ನಾಲ್ಕು ಮಂದಿ ನಕ್ಕೆವು. ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ.

ಈಗ ಯಾರಾದರೂ ಫೋನ್ ಮಾಡಿದರೆ ಮುಚ್ಚಳದ ಮೇಲೆ ಏನು ಬರೆದಿದೆ ಓದಿ ಹೇಳಿರಿ ಎನ್ನುತ್ತೇನೆ. ಓದಲು ಬಾರದವರಿಗೆ ಗಾಡಿ ಅಲ್ಲೇ ನಿಲ್ಲಿಸಿ, ಬರ್ತೇನಿ ಎನ್ನುತ್ತೇನೆ.

ಮನೆಗೆ ಎಣ್ಣೆ ಈಗಲೂ ಬಸಣ್ಣೆಪ್ಪನ ಗಿರಣಿಯಿಂದಲೇ ತರುತ್ತೇನೆ. ಹೋದ ವಾರ ಹೋಗಿದ್ದೆ. ಡಬ್ಬಿ ಮುಂದೆ ಇಟ್ಟು, “ಎಣ್ಣಿ ಹಾಕು” ಎಂದೆ. ಅಲ್ಲಿ ನಾಲ್ಕೈದು ಮಂದಿ ಗಿರಾಕಿಗಳು ನಿಂತಿದ್ದರು. ಅವನು ಡಬ್ಬಿ ಎತ್ತಿ ಒಳಗೆ ಇಣುಕಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದ.

“ಯಾವ ಎಣ್ಣಿ, ಗಂಗಕ್ಕ?”

“ಶೇಂಗಾ ಎಣ್ಣಿ,” ಎಂದೆ. “ಒಂದು ಕಿಲೋ. ತಿನ್ನೂದು.”